ವಿದೇಶ ಪ್ರವಾಸಕ್ಕೆ ಹೋದ ಮಗ ಶವವಾಗಿ ಬಂದರೆ: ಮನೆಯವರು ಯಾರನ್ನು ಕೇಳಬೇಕು?

[ದೃಶ್ಯ: ಗದಗ-ಬೆಟಗೇರಿಯ ಒಂದು ಮಗ್ಗದ ಮನೆ. ಮಗ್ಗ ನಿಂತಿದೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಒಂದು ನೀಲಿ ಫೈಲು.]

ನಮಸ್ಕಾರ. ಈ ಫೈಲಿನಲ್ಲಿ 31 ಹಾಳೆಗಳಿವೆ. ಇದನ್ನು ನನ್ನ ಕೈಗಿಟ್ಟವರು ಬೆಟಗೇರಿಯ ಒಬ್ಬ ನೇಕಾರರು. "ತಮ್ಮಾ, ನನ್ನ ಮಗ ಹೇಗೆ ಸತ್ತ ಎಂಬುದು ಇದರಲ್ಲಿ ಇದೆಯಂತೆ, ಓದಿ ಹೇಳು" ಎಂದರು. ಬಿಚ್ಚಿ ನೋಡಿದರೆ ಒಂದಕ್ಷರವೂ ನನಗೆ ತಿಳಿಯದ ಲಿಪಿ. ಇಂಗ್ಲಿಷಿನಲ್ಲಿ ಇದ್ದದ್ದು ಹುಡುಗನ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಮಾತ್ರ. ಆ ಹೆಸರು ಬಂದಲ್ಲೆಲ್ಲ ಕಾಕಾ ಪೆನ್ಸಿಲಿನಿಂದ ಕೆಳಗೆ ಸಣ್ಣ ಗೆರೆ ಎಳೆದಿದ್ದರು. ಮೂವತ್ತೊಂದು ಹಾಳೆಗಳಲ್ಲಿ ಅವರಿಗೆ ಗುರುತು ಸಿಕ್ಕಿದ್ದು ಅಷ್ಟೇ.

ಹುಡುಗ ಸತ್ತ ಊರು, ದೇಶ ಯಾವುದೆಂದು ಹೇಳಬೇಡಿ ಎಂದು ಕುಟುಂಬ ಕೇಳಿಕೊಂಡಿದೆ. ನಡೆದದ್ದು ಇಷ್ಟು. ಗೆಳೆಯರ ಜೊತೆ ಆರು ದಿನದ ಪ್ರವಾಸ. ಐದನೆಯ ಬೆಳಗ್ಗೆ ಹೋಟೆಲಿನ ಹಿಂಭಾಗದಲ್ಲಿ ಹುಡುಗನ ಶವ. ಮಹಡಿಯಿಂದ ಬಿದ್ದಿದ್ದಾನೆ ಎಂದು ಅಲ್ಲಿನ ಪೊಲೀಸರು ಹೇಳಿದರು. ಪೆಟ್ಟಿಗೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂತು, ರಾತ್ರಿಯಿಡೀ ಆಂಬುಲೆನ್ಸ್ ಓಡಿತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡಿ ಮುಗಿಸಿದರು. ನಾಲ್ಕು ತಿಂಗಳ ಮೇಲೆ ಯಾರೋ ಪುಣ್ಯಾತ್ಮರು ಮರಣೋತ್ತರ ಪರೀಕ್ಷೆಯ ವರದಿಯನ್ನು ಅನುವಾದ ಮಾಡಿಸಿಕೊಟ್ಟರು. ಮೊದಲ ಪುಟದಲ್ಲಿ 'ಬಿದ್ದು ಸಾವು' ಎಂದಿತ್ತು. ನಾಲ್ಕನೆಯ ಪುಟದಲ್ಲಿ ಎರಡೂ ಮುಂಗೈಗಳ ಮೇಲೆ ಗಾಯಗಳಿವೆ ಎಂದಿತ್ತು.

ಈಗ ಈ ತಂದೆ ಯಾರನ್ನು ಕೇಳಬೇಕು? ಗದಗದ ಠಾಣೆಯನ್ನೇ? ದೆಹಲಿಯನ್ನೇ? ಈ ವಿಡಿಯೋ ಮಾಡುತ್ತಿರುವುದು ಅದಕ್ಕಾಗಿ.

[ದೃಶ್ಯ: ನಕಾಶೆ. ಗದಗದಿಂದ ದೆಹಲಿಗೆ, ಅಲ್ಲಿಂದ ಕಡಲಾಚೆಗೆ ಒಂದು ಗೆರೆ.]

ಅಪರಾಧ ಯಾವ ನೆಲದಲ್ಲಿ ನಡೆಯಿತೋ ತನಿಖೆಯ ಅಧಿಕಾರ ಆ ನೆಲದ ಪೊಲೀಸರದು. ನಮ್ಮ ಪೊಲೀಸರು ವಿಮಾನ ಹತ್ತಿ ಹೋಗಿ ಅಲ್ಲಿ ಯಾರನ್ನೂ ಬಂಧಿಸಲಾರರು. ಇದಕ್ಕೊಂದು ದೊಡ್ಡ ವಿನಾಯಿತಿ ಇದೆ, ಅದು ಬಹಳ ಮಂದಿಗೆ ತಿಳಿದಿಲ್ಲ. ಅಪರಾಧ ಮಾಡಿದವನು ಭಾರತದ ಪ್ರಜೆಯಾಗಿದ್ದರೆ, ಕೃತ್ಯ ಜಗತ್ತಿನ ಯಾವ ಮೂಲೆಯಲ್ಲಿ ನಡೆದಿದ್ದರೂ ಭಾರತೀಯ ನ್ಯಾಯ ಸಂಹಿತೆ, ಅಂದರೆ ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು, ಅವನಿಗೆ ಅನ್ವಯಿಸುತ್ತದೆ. ಅಂದರೆ ಸಂಶಯ ಜೊತೆಯಲ್ಲಿ ಹೋದವರ ಮೇಲೆ ಇದ್ದರೆ ಇಲ್ಲಿಯೇ ದೂರು ಕೊಡಬಹುದು. ವಿಚಾರಣೆ ನಡೆಸಲು ಮಾತ್ರ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ತನಿಖೆ, ವಿಚಾರಣೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಂ ಅದನ್ನು ಹೇಳುತ್ತದೆ. 'ವಿದೇಶದ ಪ್ರಕರಣ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದೇ ಮಾತಿಗೆ ಠಾಣೆಯ ಮೆಟ್ಟಿಲಿಳಿದು ಬರಬೇಡಿ.

ರಾಯಭಾರ ಕಚೇರಿಯ ಕೆಲಸವೇನು? 1963ರ ವಿಯೆನ್ನಾ ಒಪ್ಪಂದದ ಪ್ರಕಾರ, ವಿದೇಶಿಯೊಬ್ಬರು ಸತ್ತರೆ ಅಲ್ಲಿನ ಅಧಿಕಾರಿಗಳು ಸತ್ತವರ ದೇಶದ ಕಾನ್ಸುಲರ್ ಕಚೇರಿಗೆ, ಅಂದರೆ ಅಲ್ಲಿ ತನ್ನ ಪ್ರಜೆಗಳ ಕಷ್ಟಸುಖ ನೋಡುವ ಕಚೇರಿಗೆ, ತಡಮಾಡದೆ ತಿಳಿಸಬೇಕು. ನಮ್ಮ ಕಚೇರಿ ಸ್ಥಳೀಯ ವಕೀಲರ ಪಟ್ಟಿ ಕೊಡಬಲ್ಲದು, ಪೊಲೀಸರಿಗೆ ಪತ್ರ ಬರೆಯಬಲ್ಲದು, ವರದಿಗಳನ್ನು ತರಿಸಿಕೊಡಬಲ್ಲದು. ತನಿಖೆ ಮಾಡುವ ಅಧಿಕಾರ ಅದಕ್ಕಿಲ್ಲ. 2015ರಿಂದ ವಿದೇಶಾಂಗ ಸಚಿವಾಲಯದ 'ಮದದ್' ಎಂಬ ಜಾಲತಾಣವಿದೆ. ಅಲ್ಲಿ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯ ಬೆಲೆ ಬಹಳ ದೊಡ್ಡದು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಈ ಕಾಕಾ ನಾಲ್ಕು ತಿಂಗಳು ಫೋನಿನಲ್ಲೇ ಕೇಳಿದರು, ಪ್ರತಿ ಸಲವೂ ಬೇರೆ ಯಾರೋ ಎತ್ತಿ 'ನೋಡುತ್ತೇವೆ' ಎಂದರು. ಕಾಗದದಲ್ಲಿ ಅವರ ಹತ್ತಿರ ಉಳಿದದ್ದು ಏನೂ ಇಲ್ಲ.

[ದೃಶ್ಯ: ಫೈಲಿನ ಒಂದೊಂದೇ ಹಾಳೆ ಹತ್ತಿರದಿಂದ.]

ಈಗ ಹೇಳುವುದು ಕಿವಿಗೆ ಕಷ್ಟದ ಮಾತು. ಆದರೂ ಹೇಳಲೇಬೇಕು.

ಶವ ವಿಮಾನದಲ್ಲಿ ಬರಬೇಕಾದರೆ ಮರಣ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟ್, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಜೊತೆಗೆ ಎಂಬಾಮಿಂಗ್ ಪ್ರಮಾಣಪತ್ರ ಬೇಕು. ಎಂಬಾಮಿಂಗ್ ಅಂದರೆ ದೇಹ ಕೆಡದಂತೆ ಫಾರ್ಮಲಿನ್‌ನಂಥ ರಾಸಾಯನಿಕ ತುಂಬುವುದು. ಅದು ಒಮ್ಮೆ ಒಳಗೆ ಹೋದ ಮೇಲೆ ರಕ್ತದಲ್ಲಿ ವಿಷವಿತ್ತೇ, ಮಾದಕ ದ್ರವ್ಯ ಕುಡಿಸಿದ್ದರೇ ಎಂದು ಪತ್ತೆ ಮಾಡುವುದು ತುಂಬಾ ಕಷ್ಟ. ಆದ್ದರಿಂದ ಶವ ಅಲ್ಲಿಂದ ಹೊರಡುವ ಮೊದಲೇ ರಾಯಭಾರ ಕಚೇರಿಗೆ ಇಮೇಲ್‌ನಲ್ಲಿ ಕೇಳಿ: ರಕ್ತ ಮತ್ತು ಅಂಗಾಂಶದ ಮಾದರಿಗಳನ್ನು ಎಂಬಾಮಿಂಗ್‌ಗೆ ಮೊದಲೇ ತೆಗೆದಿರಿಸಿದ್ದಾರೆಯೇ?

ಆಮೇಲೆ, ಸಾವಿನ ಬಗ್ಗೆ ಎಳ್ಳಷ್ಟು ಸಂಶಯವಿದ್ದರೂ ಅಂತ್ಯಕ್ರಿಯೆಗೆ ಮೊದಲು ಸ್ಥಳೀಯ ಪೊಲೀಸರಿಗೆ ಲಿಖಿತ ಅರ್ಜಿ ಕೊಟ್ಟು ಇಲ್ಲಿ ಎರಡನೆಯ ಮರಣೋತ್ತರ ಪರೀಕ್ಷೆ ಕೇಳಿ. ಮನೆಯ ಮುಂದೆ ಊರೇ ನೆರೆದಿರುತ್ತದೆ. 'ಬಂದ ಹೆಣವನ್ನು ಕಾಯಿಸಬಾರದು' ಎಂದು ಹಿರಿಯರು ಅವಸರ ಮಾಡುತ್ತಾರೆ. ಆ ಹೊತ್ತಿನಲ್ಲಿ ಹೆತ್ತವರು ಬಾಯಿ ತೆರೆಯುವುದು ಎಷ್ಟು ಕಷ್ಟವೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಕೆಲಸವನ್ನು ಹೆತ್ತವರ ಹೆಗಲಿಗೆ ಹಾಕಬೇಡಿ, ಮನೆಯ ಅಳಿಯನೋ ಸೋದರಮಾವನೋ ಮುಂದೆ ನಿಲ್ಲಲಿ. ನಮ್ಮ ಕಡೆ ಅನೇಕ ಸಮುದಾಯಗಳಲ್ಲಿ ಹೂಳುವ ಪದ್ಧತಿ ಇರುವುದರಿಂದ ಒಂದು ದಾರಿ ಉಳಿಯುತ್ತದೆ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ದೇಹವನ್ನು ಹೊರತೆಗೆದು ಪರೀಕ್ಷಿಸಬಹುದು. ಸುಟ್ಟರೆ ಆ ದಾರಿ ಮುಚ್ಚಿದಂತೆ.

[ದೃಶ್ಯ: ಗೋವಾ ರಸ್ತೆ, ಪಶ್ಚಿಮ ಘಟ್ಟ, ಆಮೇಲೆ ಕಡಲು.]

ಎರಡನೆಯ ಪರೀಕ್ಷೆಯಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ಪಕ್ಕದ ಗೋವಾದಲ್ಲೇ ಉತ್ತರವಿದೆ. ರಜೆ ಬಂದರೆ ಹುಬ್ಬಳ್ಳಿಯ ಹುಡುಗರು ಹೋಗುವುದು ಅಲ್ಲಿಗೇ. 2008ರ ಫೆಬ್ರವರಿಯಲ್ಲಿ ಅಂಜುನಾ ಕಡಲತೀರದಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ಶವ ಸಿಕ್ಕಿತು. ಅವಳ ಹೆಸರನ್ನು ನಾನು ಹೇಳುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದನ್ನು ನಮ್ಮ ಕಾನೂನು ತಡೆಯುತ್ತದೆ. ನೀರಲ್ಲಿ ಮುಳುಗಿ ಆಕಸ್ಮಿಕ ಸಾವು ಎಂದು ಪೊಲೀಸರು ಮೊದಲು ಹೇಳಿದರು. ತಾಯಿ ಒಪ್ಪಲಿಲ್ಲ. ಭಾಷೆ ತಿಳಿಯದ ಊರಿನಲ್ಲಿ ನಿಂತು, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಹಟ ಹಿಡಿದರು. ಎರಡನೆಯ ಪರೀಕ್ಷೆಯಲ್ಲಿ ಮೈಮೇಲೆ ಹತ್ತಾರು ಗಾಯಗಳು ಕಂಡವು. ಪ್ರಕರಣ ಸಿಬಿಐ ಕೈಗೆ ಹೋಯಿತು.

ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಗೋವಾದ ಮಕ್ಕಳ ನ್ಯಾಯಾಲಯ ಇಬ್ಬರೂ ಆರೋಪಿಗಳನ್ನು ಖುಲಾಸೆ ಮಾಡಿತು. ಮುಖ್ಯ ಸಾಕ್ಷಿಯಾಗಿದ್ದ ಬ್ರಿಟಿಷ್ ಪ್ರಜೆಯೊಬ್ಬ ಸಾಕ್ಷ್ಯ ಹೇಳಲು ಬಂದಿರಲಿಲ್ಲ. ಪ್ರವಾಸಿಗರ ಪ್ರಕರಣಗಳು ಸೊರಗುವುದು ಬಹುಪಾಲು ಇಲ್ಲಿಯೇ, ಕಂಡವರು ತಮ್ಮ ತಮ್ಮ ದೇಶಕ್ಕೆ ಮರಳಿಬಿಡುತ್ತಾರೆ. ಸಿಬಿಐ ಮೇಲ್ಮನವಿ ಸಲ್ಲಿಸಿತು. 2019ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನನ್ನು ದೋಷಿ ಎಂದು ಹೇಳಿ 10 ವರ್ಷದ ಕಠಿಣ ಶಿಕ್ಷೆ ಕೊಟ್ಟಿತು. 2008ರಿಂದ 2019, ಹನ್ನೊಂದು ವರ್ಷ. ಕಾರವಾರದ ಗಡಿಗೆ ತಾಗಿದ ಕಾಣಕೋಣದಲ್ಲಿ 2017ರಲ್ಲಿ ಕೊಲೆಯಾದ ಐರಿಷ್ ಯುವತಿಯ ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾದದ್ದು 2025ರ ಫೆಬ್ರವರಿಯಲ್ಲಿ. ಎಂಟು ವರ್ಷ.

ಈ ಕುಟುಂಬಗಳು ನಮ್ಮ ನೆಲದಲ್ಲಿ ಪಟ್ಟ ಪಾಡನ್ನು ಬೆಟಗೇರಿಯ ತಂದೆ ಇನ್ನೊಂದು ನೆಲದಲ್ಲಿ ಪಡಬೇಕಾಗಿದೆ. ಹಂಪಿಯ ಹತ್ತಿರ ಸಾಣಾಪುರದಲ್ಲಿ 2025ರ ಮಾರ್ಚ್‌ನಲ್ಲಿ ನಡೆದದ್ದು ನೆನಪಿದೆಯಲ್ಲ? ಪ್ರವಾಸಿ ಯುವಕರನ್ನು ಕಾಲುವೆಗೆ ನೂಕಿ, ಇಸ್ರೇಲಿನ ಮಹಿಳೆ ಮತ್ತು ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದರು. ಒಡಿಶಾದ ಯುವಕ ನೀರುಪಾಲಾದ. ಆ ಯುವಕನ ಮನೆಯವರಿಗೆ ಕನ್ನಡದ ಕಾಗದಗಳೂ ಈ ನೀಲಿ ಫೈಲಿನ ಹಾಗೆಯೇ ಕಂಡಿರಬೇಕು. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

[ದೃಶ್ಯ: ಕಪ್ಪು ತೆರೆ. ಅಕ್ಷರಗಳು: 1979, ಜೆಡ್ಡಾ.]

ಇನ್ನೊಬ್ಬ ತಂದೆಯ ಕಥೆ ಹೇಳದೆ ಮುಂದೆ ಹೋಗಲಾರೆ. 1979ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಇಂಗ್ಲೆಂಡಿನ ಒಬ್ಬ ನರ್ಸ್ ಸತ್ತಳು. ಬಾಲ್ಕನಿಯಿಂದ ಬಿದ್ದಳು ಎಂದರು. ಹಿಂದೆ ಪೊಲೀಸ್ ಆಗಿದ್ದ ತಂದೆ ಆ ಮಾತನ್ನು ನಂಬಲಿಲ್ಲ, ಮಗಳ ಅಂತ್ಯಸಂಸ್ಕಾರಕ್ಕೇ ಒಪ್ಪಲಿಲ್ಲ. ಶವ ಲೀಡ್ಸ್ ನಗರದ ಶವಾಗಾರದಲ್ಲಿ 30 ವರ್ಷ ಉಳಿಯಿತು, 2009ರಲ್ಲಿ ದಹನವಾಯಿತು. ಕೊಲೆ ಎಂದು ಸಾಬೀತಾಗಲಿಲ್ಲ. ಆದರೆ ವಿದೇಶದಲ್ಲಿ ಅಸಹಜವಾಗಿ ಸತ್ತವರ ದೇಹ ಇಂಗ್ಲೆಂಡಿಗೆ ಬಂದರೆ ಅಲ್ಲಿಯೂ ಸಾವಿನ ಕಾರಣದ ಬಗ್ಗೆ ವಿಚಾರಣೆ ನಡೆಯಲೇಬೇಕು ಎಂಬ ತೀರ್ಪು 1982ರಲ್ಲಿ ಬಂದದ್ದು ಆ ತಂದೆಯ ಹಟದಿಂದ. ನಮ್ಮಲ್ಲಿ ಅಂಥ ಕಡ್ಡಾಯ ವಿಚಾರಣೆಯ ವ್ಯವಸ್ಥೆ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ಟಿಗೆ ಬಂದ ದಿನವೇ ಸರ್ಕಾರ ತಾನಾಗಿ ಪರೀಕ್ಷೆ ಮಾಡಿಸಿದರೆ, ಮಣ್ಣು ಮಾಡುವ ಹೊತ್ತಿನಲ್ಲಿ ಹೆತ್ತವರು ಊರಿನ ಎದುರು ನಿಲ್ಲಬೇಕಾಗುವುದಿಲ್ಲ.

[ದೃಶ್ಯ: ಧಾರವಾಡ ಹೈಕೋರ್ಟ್ ಪೀಠದ ಕಟ್ಟಡ, ಹೊರಗಿನಿಂದ.]

ಮಣ್ಣು ಮಾಡಿ ತಿಂಗಳುಗಳು ಕಳೆದ ಮನೆಗೆ ಇನ್ನೂ ಏನು ಉಳಿದಿದೆ? ಉಳಿದಿದೆ. ಥಾಯ್ಲೆಂಡ್, ಫ್ರಾನ್ಸ್‌ನಂಥ ದೇಶಗಳಲ್ಲಿ ಸತ್ತವರ ಕುಟುಂಬ ವಕೀಲರನ್ನಿಟ್ಟುಕೊಂಡು ಕ್ರಿಮಿನಲ್ ಪ್ರಕರಣದಲ್ಲಿ ತಾನೂ ಒಬ್ಬ ಕಕ್ಷಿದಾರನಾಗಿ ಸೇರಬಹುದು. ಸೇರಿದರೆ ಕೇಳುವ ಹಕ್ಕು ಬರುತ್ತದೆ. ಅಮೆರಿಕದ ರಾಜ್ಯಗಳಲ್ಲಿ ಅಪರಾಧ ಸಂತ್ರಸ್ತರಿಗೆ ಪರಿಹಾರ ನಿಧಿಗಳಿವೆ. ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೈಲಾಗದ ಕುಟುಂಬಗಳಿಗೆ ಶವ ತರಿಸಲು, ಅರ್ಹ ಪ್ರಕರಣಗಳಲ್ಲಿ ಕಾನೂನು ನೆರವಿಗೂ ಅದರಿಂದ ಹಣ ಕೊಡಬಹುದು. ಕೇಳದಿದ್ದರೆ ಅದು ತಾನಾಗಿ ಮನೆಗೆ ಬರುವುದಿಲ್ಲ. ಇಲ್ಲಿರುವ ಸಾಕ್ಷಿಗಳ ಹೇಳಿಕೆ ಅಲ್ಲಿನ ನ್ಯಾಯಾಲಯಕ್ಕೆ ಬೇಕಾದರೆ ಪರಸ್ಪರ ಕಾನೂನು ನೆರವಿನ ಒಪ್ಪಂದಗಳಿವೆ, ಆ ಕೋರಿಕೆಗಳು ಕೇಂದ್ರ ಗೃಹ ಸಚಿವಾಲಯದ ಮೂಲಕ ಬರುತ್ತವೆ. ವಿದೇಶಾಂಗ ಸಚಿವಾಲಯ ಯಾರಿಗೆ ಎಷ್ಟು ಪತ್ರ ಬರೆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅದಕ್ಕೂ ಮಿಸುಕದಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ, ಅಂದರೆ ಸರ್ಕಾರ ತನ್ನ ಕೆಲಸ ಮಾಡುವಂತೆ ಆದೇಶಿಸಿ ಎಂದು ಕೇಳುವ ಅರ್ಜಿ, ಹಾಕಬಹುದು. 2013ರಿಂದ ಅದು ಕಾಯಂ ಪೀಠ, ಗದಗ ಮತ್ತು ಹಾವೇರಿಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ.

[ದೃಶ್ಯ: ಮತ್ತೆ ಮಗ್ಗದ ಮನೆ. ಸಂಜೆ.]

ಹೊರಡುವ ಮೊದಲು ಕಾಕಾ ಒಂದು ಹಾಳೆ ತಂದರು. ರಾಯಭಾರ ಕಚೇರಿಗೆ ಏನು ಕೇಳಬೇಕೆಂದು ಕನ್ನಡದಲ್ಲಿ ಬರೆದುಕೊಡು, ಮೊದಲು ನನಗೆ ಅರ್ಥವಾಗಲಿ ಎಂದರು. ಬರೆದೆ. ಎಂಬಾಮಿಂಗ್‌ಗೆ ಮೊದಲು ತೆಗೆದ ಮಾದರಿಗಳು ಈಗ ಯಾವ ಪ್ರಯೋಗಾಲಯದಲ್ಲಿವೆ? ಹೋಟೆಲಿನ ಸಿಸಿಟಿವಿ ದೃಶ್ಯಗಳನ್ನು ಪೊಲೀಸರು ವಶಪಡಿಸಿಕೊಂಡರೇ? ನಾಲ್ಕನೆಯ ಪುಟದಲ್ಲಿರುವ ಗಾಯಗಳು ಬಿದ್ದರೆ ಆಗುವಂಥವೇ?

ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ ತಾವೇ ಇನ್ನೊಂದು ಸಾಲು ಸೇರಿಸಿದರು.

'ನನ್ನ ಮಗನ ಮೊಬೈಲ್ ಎಲ್ಲಿದೆ?'