ನೀರು ಬಂದ ದಿನವೂ ಒಂದು ಫೋನ್ ಮಾಡಿ

ಕೇಳುಗರಿಗೆ ನಮಸ್ಕಾರ.

ಕಾಫಿಗೆ ಸಕ್ಕರೆ ಕಡಿಮೆಯಾದರೆ ಅಡುಗೆಮನೆಗೆ ಕೇಳುವ ಹಾಗೆ ಕೂಗಿ ಹೇಳ್ತೀವಿ. ಹದವಾಗಿದ್ದ ದಿನ ಸುಮ್ಮನೆ ಕುಡಿದು ಲೋಟ ಕೆಳಗಿಡ್ತೀವಿ. ಇವತ್ತು ನಾನು ಹೇಳೋದು ಒಂದೇ ಮಾತು: ಹದವಾಗಿದ್ದ ದಿನವೂ ಬಾಯಿ ಬಿಡಿ. ಏನು ಮಾಡಿದ್ದಕ್ಕೆ ಖುಷಿಯಾಯ್ತು ಅಂತ ಬಿಡಿಸಿ ಹೇಳಿ.

"ಮನೆಯವರಿಗೆಲ್ಲ ಎಂಥ ಥ್ಯಾಂಕ್ಸು ಡಾಕ್ಟ್ರೇ, ನಾಟಕ ಅನ್ಸುತ್ತೆ" ಅಂತಾರೆ ನನ್ನ ಹತ್ತಿರ ಬರುವವರು. ಮಾರಾಯರೇ, ಥ್ಯಾಂಕ್ಸ್ ಅನ್ನಿ ಅಂತ ನಾನೆಲ್ಲಿ ಹೇಳಿದೆ? "ಸಾರು ಚೆನ್ನಾಗಿದೆ, ಇನ್ನೊಂದು ಸೌಟು ಹಾಕು" ಅಂದರೂ ಸಾಕು. ಆಯುಧಪೂಜೆಗೆ ಸ್ಪ್ಯಾನರಿಗೂ ಕುಂಕುಮ ಇಡುವ ಜನ ನಾವು. ಆ ಸ್ಪ್ಯಾನರು ಹಿಡಿಯುವ ಹುಡುಗನಿಗೆ ಒಂದು ಮಾತು ಹೇಳೋಕೆ ನಾಚಿಕೆಯೇ?

ನನ್ನ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರು ಬರ್ತಿದ್ದರು. ನಿದ್ದೆ ಇಲ್ಲ, ಎಲ್ಲರ ಮೇಲೂ ಸಿಡಿಮಿಡಿ. "ಯಾರ ಉಪಕಾರವಾದರೂ ಬಾಕಿ ಇದ್ದರೆ ಒಂದು ಕಾಗದ ಬರೆಯಿರಿ, ಹೋಗಿ ಕೈಯಲ್ಲಿ ಕೊಡಿ" ಅಂದೆ. ಬಹಳ ಹೊತ್ತು ಯೋಚಿಸಿ ಒಬ್ಬ ಬಸ್ ಕಂಡಕ್ಟರನ್ನು ನೆನಪಿಸಿಕೊಂಡರು. ಇವರು ಹಳ್ಳಿ ಶಾಲೆಗೆ ಹೋಗುವಾಗ ಆ ದಾರಿಗೆ ಬೆಳಿಗ್ಗೆ ಒಂದೇ ಬಸ್ಸು. ಮೇಷ್ಟ್ರು ಓಡಿ ಬರೋದು ಕಂಡರೆ ಕಂಡಕ್ಟರು ಡಬಲ್ ವಿಸಿಲ್ ಹೊಡೆಯದೆ ಕಾಯ್ತಿದ್ದರಂತೆ. ಡ್ರೈವರ್ ಬೈದರೂ ಸರಿ.

ವಿಳಾಸ ಹುಡುಕಿಕೊಂಡು ಹೋದರು. ಕಂಡಕ್ಟರಿಗೂ ರಿಟೈರ್ ಆಗಿತ್ತು. ಇವರ ಗುರುತೇ ಸಿಗಲಿಲ್ಲ! "ನಾನು ಎಲ್ರಿಗೂ ಕಾಯ್ತಿದ್ದೆ ಸಾರ್" ಅಂದರಂತೆ. ಮೇಷ್ಟ್ರಿಗೆ ಪೆಚ್ಚಾಯ್ತು. ಆದರೂ ಕಾಗದ ಕೊಟ್ಟರು. ಅವರು ಓದಿದರು, ಹೆಂಡತಿಯನ್ನು ಕರೆದು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಆಕೆ ಹೇಳಿದ್ದು ಕೇಳಿ: "ಇಡೀ ಸರ್ವೀಸಲ್ಲಿ ಇವರಿಗೆ ಬಂದ ಕಾಗದ ಅಂದ್ರೆ ಮೆಮೋ ಒಂದೇ. ಇದಕ್ಕೆ ಫ್ರೇಮ್ ಹಾಕಿಸ್ತೀನಿ." ಮೇಷ್ಟ್ರು ಅಲ್ಲೇ ಊಟ ಮಾಡಿಕೊಂಡು ಬಂದರು. ಇದನ್ನು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು!

ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದು ಇದನ್ನೇ. ಇಂಥ ಕಾಗದ ಬರೆಯುವವರು, ಓದುವವರಿಗೆ ಮುಜುಗರವಾದೀತು ಅಂತ ಸುಮ್ಮನೆ ಹೆದರ್ತಾರೆ. ಓದಿದವರಿಗೆ ಆಗುವ ಖುಷಿ ಬರೆದವರ ಅಂದಾಜಿಗಿಂತ ದೊಡ್ಡದು. ಅದಕ್ಕೇ ಅಂದೆ, ಹೇಳಿಬಿಡಿ.

ಓಹೋ, ಗಾಜಿನಾಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಬೇಗ ಮುಗಿಸ್ತೀನಿ. 2003ರಲ್ಲಿ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲ್ಲೊ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದಿದೆ. ಕಾಲೇಜು ಹುಡುಗ ಹುಡುಗಿಯರಲ್ಲಿ ಕೆಲವರು ಹತ್ತು ವಾರ, ವಾರಕ್ಕೊಮ್ಮೆ, ತಮಗೆ ಒದಗಿದ ಒಳ್ಳೆಯದನ್ನು ಬರೆದರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಒಳ್ಳೆಯದನ್ನು ಬರೆದವರಿಗೆ ಬದುಕಿನ ಬಗ್ಗೆ ನೆಮ್ಮದಿ ಹೆಚ್ಚು, ಮೈ ಸರಿಯಿಲ್ಲ ಅನ್ನುವ ದೂರು ಕಡಿಮೆ. ನೀವೂ ಬರೆಯಿರಿ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಾದರೂ ಆದೀತು. ಆದರೆ "ದೇವರು ಚೆನ್ನಾಗಿಟ್ಟಿದ್ದಾನೆ" ಅಂತ ಒಂದು ಸಾಲು ಗೀಚಿ ಮುಚ್ಚಿಡಬೇಡಿ. ಯಾರು, ಏನು ಮಾಡಿದರು, ಅದನ್ನು ಬರೆಯಿರಿ. ಬರೆದದ್ದನ್ನು ಅವರಿಗೇ ಹೇಳಿ.

ಯಾರಿಂದ ಶುರುಮಾಡೋದು ಅಂತ ಗೊತ್ತಾಗದಿದ್ದರೆ ನಿಮ್ಮ ಊರಿನ ನೀರುಗಂಟಿ ಇದ್ದಾರಲ್ಲ. ನಲ್ಲಿ ಬಾರದ ದಿನ ಅವರ ನಂಬರು ಎಲ್ಲರಿಗೂ ಬಾಯಿಪಾಠ. ನಾಳೆ ನೀರು ಬಂದ ಮೇಲೆ, ಕೊಡ ತುಂಬಿಸಿಟ್ಟು, ಅದೇ ನಂಬರಿಗೆ ಒಂದು ಫೋನ್ ಮಾಡಿ. ನಮಸ್ಕಾರ.