ಕಡಲ ಊರಲ್ಲಿ ಮೊದಲ ಸೆಕೆಂಡ್ ಹ್ಯಾಂಡ್ ಕಾರು: ಅಪ್ಪನ ಜೊತೆ ನೋಡಲು ಹೊರಡುವ ಮೊದಲು

[ದೃಶ್ಯ: ಗ್ಯಾರೇಜಿನ ಲಿಫ್ಟ್ ಮೇಲೆ ಎತ್ತಿದ ಸಣ್ಣ ಕಾರು. ಕ್ಯಾಮೆರಾ ಕಾರಿನ ಅಡಿಯಲ್ಲಿ.]

ನಿರೂಪಣೆ:
ನಮಸ್ಕಾರ. ಈ ಕಾರಿನ ಮೀಟರ್ 32 ಸಾವಿರ ಕಿಲೋಮೀಟರ್ ತೋರಿಸುತ್ತೆ. ಒಬ್ಬರೇ ಮಾಲೀಕರು, ಪೇಂಟ್ ಹೊಳೀತಾ ಇದೆ. ಈಗ ಬಾಗಿಲ ಕೆಳಗಿನ ಉದ್ದನೆ ಪಟ್ಟಿ ನೋಡಿ, ರನ್ನಿಂಗ್ ಬೋರ್ಡ್ ಅಂತಾರೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಕುಟ್ಟಿದರೆ ಟಣ್ ಅನ್ನಬೇಕು.

[ಶಬ್ದ: ಮುಂಭಾಗದಲ್ಲಿ ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ದಬ್.]

ಈ ದಬ್ ಅನ್ನುವ ಜಾಗದಲ್ಲಿ ತಗಡು ತಿಂದುಹೋಗಿದೆ. ಮೇಲೆ ಇರೋದು ಪುಟ್ಟಿ ಮತ್ತು ಕಪ್ಪು ಕೋಟಿಂಗ್.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಕಾರು ಓಡಿ ಹಾಳಾಗೋದಕ್ಕಿಂತ ನಿಂತು ಹಾಳಾಗೋದೇ ಹೆಚ್ಚು. ಕಡಲ ಗಾಳಿಯ ಉಪ್ಪು ತಗಡಿನ ಸಂದುಗಳಲ್ಲಿ ಕೂರುತ್ತೆ. ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳೋದರಿಂದ ಮಳೆ ಇಲ್ಲದ ದಿನವೂ ಆ ಸಂದು ಒದ್ದೆಯಾಗೇ ಇರುತ್ತೆ. ದಿನಾ ಓಡುವ ಕಾರಿಗೆ ಗಾಳಿಯಾಡುತ್ತೆ, ಆಗಾಗ ಸರ್ವಿಸ್‌ಗೆ ಹೋದಾಗ ಅಡಿ ತೊಳೀತಾರೆ. ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇದ್ದು, ಮನೆ ಅಂಗಳದಲ್ಲಿ ಕವರ್ ಹೊದ್ದು ನಿಂತ ಕಾರಿಗೆ ಅದೆರಡೂ ಇಲ್ಲ. ಕವರ್ ಒಳಗಿನ ತೇವ ಅಲ್ಲೇ ಉಳಿಯುತ್ತೆ.

ಹಾಗಾಗಿ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಕಡೆ 80 ಸಾವಿರ ಓಡಿದ, ಸರ್ವಿಸ್ ದಾಖಲೆ ಪೂರ್ತಿ ಇರುವ ಕಾರನ್ನು ನಾವು ದಂಡೆಯಲ್ಲಿ ನಿಂತ 30 ಸಾವಿರದ ಕಾರಿಗಿಂತ ಮೇಲೆ ಇಡ್ತೇವೆ. ಮೀಟರ್ ಎಷ್ಟು ಅಂತ ಕೇಳುವ ಮೊದಲು ಕಾರು ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿ.

[ದೃಶ್ಯ: ಅಪ್ಪ, ಮಗಳು ಕಾರಿನ ಸುತ್ತ.]

ನಿರೂಪಣೆ:
ಅಪ್ಪನ ಜೊತೆ ಹೋಗೋದರಲ್ಲಿ ಲಾಭ ಇದೆ. ಮಾಲೀಕರು ಯಾರು, ಕಾರು ಯಾಕೆ ಮಾರ್ತಿದ್ದಾರೆ, ಮನೆಯಲ್ಲಿ ಓಡಿಸ್ತಿದ್ದವರು ಯಾರು, ಇದನ್ನೆಲ್ಲ ಅವರು ಹತ್ತು ನಿಮಿಷದ ಮಾತಿನಲ್ಲಿ ತಿಳಿದುಕೊಳ್ತಾರೆ. ತೊಂದರೆ ಬರೋದೂ ಅಲ್ಲೇ. ಪರಿಚಯದವರ ಗಾಡಿ ಅಂದಮೇಲೆ ಕೆಳಗೆ ಮಲಗಿ ನೋಡೋಕೆ, ಮ್ಯಾಟ್ ಎತ್ತೋಕೆ ಸಂಕೋಚ. ಇದಕ್ಕೆ ಒಂದೇ ದಾರಿ: ಮೊದಲೇ ಫೋನಿನಲ್ಲಿ "ನಮ್ಮ ಮೆಕ್ಯಾನಿಕ್ ಒಮ್ಮೆ ಲಿಫ್ಟ್ ಮೇಲೆ ಹಾಕಿ ನೋಡ್ತಾರೆ, ಖರ್ಚು ನಮ್ಮದು" ಅಂತ ಹೇಳಿಬಿಡಿ. ಬೇಡ ಅನ್ನುವ ಮಾತು ಮೆಕ್ಯಾನಿಕ್ ಬಾಯಿಂದ ಬಂದರೆ ಯಾರಿಗೂ ಬೇಜಾರಿಲ್ಲ. ಲಿಫ್ಟಿಗೆ ಒಪ್ಪದವರ ಕಾರನ್ನು ಅಲ್ಲಿಗೇ ಬಿಡಿ.

ಮನೆಯಿಂದ ಹೊರಡುವ ಮೊದಲು ಬೆಲೆಯ ಮಾತು ಯಾರು ಆಡೋದು ಅಂತ ತೀರ್ಮಾನಿಸಿ, ಒಬ್ಬರೇ ಆಡಿ. ಕೈಯಲ್ಲಿ 4 ಲಕ್ಷ ಇದ್ದರೆ ನೋಡಬೇಕಾದ ಕಾರು ಸುಮಾರು 3.5 ಲಕ್ಷದೊಳಗಿನದು. ಟೈರ್, ಬ್ಯಾಟರಿ, ವಿಮೆ, ಹೆಸರು ವರ್ಗಾವಣೆ ಎಲ್ಲಕ್ಕೂ ಉಳಿದ ಹಣವೇ ಆಗಬೇಕು. ಮತ್ತೆ, ಅಪ್ಪ ಆಯಿ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಹತ್ತಿಸಿ ಇಳಿಸಿ ನೋಡಿ. ಮೊಣಕಾಲು ನೋವಿರುವವರಿಗೆ ತಗ್ಗಿನ ಸೀಟು ದಿನಾ ಕಾಡುತ್ತೆ.

[ದೃಶ್ಯ: ಡಿಕ್ಕಿ ತೆರೆದಿದೆ. ಸ್ಟೆಪ್ನಿ ಹೊರಗೆ ತೆಗೆದು ಇಟ್ಟಿದೆ.]

ನಿರೂಪಣೆ:
ಒಂದು ಟಾರ್ಚ್, ಹಳೆ ಚಾದರ, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ತಗೊಂಡು ಹೋಗಿ. ಚಾದರ ಕೆಳಗೆ ಮಲಗಿ ನೋಡೋಕೆ; ಅಯಸ್ಕಾಂತ ಅಂಟದ ಕಡೆ ತಗಡಿನ ಮೇಲೆ ಪುಟ್ಟಿ ಇದೆ. ಮೊದಲು ಸ್ಟೆಪ್ನಿ ಎತ್ತಿ, ಕೆಳಗಿನ ಗುಂಡಿ ನೋಡಿ. ನೀರು ನಿಂತ ಗೆರೆ, ಕೆಂಪು ಪುಡಿ ಇದ್ದರೆ ಡಿಕ್ಕಿಯ ರಬ್ಬರಿನಿಂದಲೋ ಹಿಂದಿನ ಲೈಟಿನ ಸಂದಿನಿಂದಲೋ ನೀರು ಇಳೀತಿದೆ. ಆಮೇಲೆ ಬಾಗಿಲ ಅಡಿ ಅಂಚಿಗೆ ಬೆರಳು ಆಡಿಸಿ. ಅಲ್ಲಿ ನೀರು ಬಸಿಯೋಕೆ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ತುಂಬಿ ಮುಚ್ಚಿಹೋದರೆ ನೀರು ಬಾಗಿಲ ಒಳಗೇ ನಿಂತು, ತುಕ್ಕು ಒಳಗಿಂದ ಹೊರಗೆ ಬರುತ್ತೆ. ಪೇಂಟ್ ಗುಳ್ಳೆ ಎದ್ದಿದೆ ಅಂದರೆ ಒಳಗಿನ ತಗಡು ಆಗಲೇ ಹೋಗಿದೆ.

ಚಕ್ರದ ಕಮಾನು, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಬ್ರೇಕ್ ಪೈಪು ಇವನ್ನು ಬಿಡದೆ ನೋಡಿ. ಸೈಲೆನ್ಸರ್, ನಟ್ಟು, ಡಿಸ್ಕ್ ಮೇಲಿನ ಕೆಂಪು ತೆಳು ತುಕ್ಕು ನಮ್ಮ ಕಡೆ ಎಲ್ಲ ಕಾರಿಗೂ ಇರುತ್ತೆ, ಹೆದರಬೇಡಿ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುವ ತುಕ್ಕು ಬೇರೆ. ಅದು ಸಸ್ಪೆನ್ಷನ್ ಕೂರುವ ಜಾಗದಲ್ಲೋ ಜಾಕ್ ಜಾಗದಲ್ಲೋ ಇದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ವೆಲ್ಡಿಂಗ್ ಮಾಡಿಸಿದರೂ ಪಕ್ಕದಲ್ಲಿ ಮತ್ತೆ ತಿನ್ನುತ್ತೆ. ಮೊನ್ನೆ ತಾನೇ ಹೊಡೆದ ಕಪ್ಪು ಅಂಡರ್ ಕೋಟಿಂಗ್ ಕಂಡರೆ ಇನ್ನೂ ಜಾಗ್ರತೆ. ಸರಿಯಾಗಿ ಕೆರೆಯದೆ ತುಕ್ಕಿನ ಮೇಲೆ ಕೋಟಿಂಗ್ ಹೊಡೆದರೆ ತೇವ ಒಳಗೆ ಸಿಕ್ಕಿಕೊಂಡು ಕೆಲಸ ಮುಂದುವರಿಸುತ್ತೆ.

[ತೆರೆಯ ಮೇಲೆ: ಚಾಸಿ ನಂಬರ್ ಕೊರೆದ ಜಾಗದ ಹತ್ತಿರದ ನೋಟ.]

ಚಾಸಿ ನಂಬರ್ ಕೊರೆದ ಜಾಗವನ್ನು ಉಜ್ಜಿ, ನೋಂದಣಿ ಪತ್ರ ಅಂದರೆ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೊಂದಿಸಿ. ಹೆಸರು ವರ್ಗಾವಣೆಗೆ ಪೆನ್ಸಿಲ್ ಪ್ರಿಂಟ್, ಅಂದರೆ ಆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಮೂಡಿಸಿದ ಅಚ್ಚು ಕೇಳ್ತಾರೆ. ಆ ಅಕ್ಷರಗಳನ್ನೇ ತುಕ್ಕು ತಿಂದಿದ್ದರೆ ಪ್ರಿಂಟ್ ಮೂಡೋದಿಲ್ಲ, ಕಡತ ಮುಂದೆ ಹೋಗೋದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರು ಅಂದಮೇಲೆ ನೆರೆಯನ್ನೂ ನೆನಪಿಡಿ. 2019ರ ಆಗಸ್ಟಿನಲ್ಲಿ ಕಾಳಿ ತೀರ, 2021ರ ಜುಲೈಯಲ್ಲಿ ಗುಳ್ಳಾಪುರ ಸೇತುವೆ ಕೊಚ್ಚಿಹೋದಾಗ ಗಂಗಾವಳಿ ತೀರ ಮುಳುಗಿದ್ದವು. ಆ ಊರುಗಳ ಕಾರಾದರೆ ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಕಲೆ ಉಳಿದಿರುತ್ತೆ, ತೊಳೆಯುವವರು ಅಲ್ಲಿಗೆ ಕೈ ಹಾಕಿರೋದಿಲ್ಲ. ಸೀಟಿನ ಅಡಿಯ ಕಂಬಿ, ಫ್ಯೂಸ್ ಬಾಕ್ಸಿನ ಒಳಗೆ ಹಸಿರು ಬೂಷ್ಟು ಇದೆಯಾ ನೋಡಿ. ಮುಳುಗಿದ ಕಾರಿನ ವೈರಿಂಗ್ ಒಂದೆರಡು ವರ್ಷ ಬಿಟ್ಟು ಕೈ ಕೊಡೋದೂ ಉಂಟು.

[ದೃಶ್ಯ: ಬೆಳಗಿನ ಹೊತ್ತು. ಕೈ ಬಾನೆಟ್ ಮೇಲೆ.]

ನಿರೂಪಣೆ:
ಕಾರು ನೋಡೋಕೆ ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಬಾನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಬಿಳಿ ಹೊಗೆ ಐದು ನಿಮಿಷವಾದರೂ ನಿಲ್ಲದೆ, ಆಯಿಲ್ ಮುಚ್ಚಳದ ಅಡಿ ಹಾಲಿನ ಕೆನೆಯಂಥದ್ದು ಕಂಡರೆ ಇಂಜಿನ್ ತಂಪು ಮಾಡುವ ಕೂಲೆಂಟ್ ಆಯಿಲ್ಲಿಗೆ ಸೇರಿದ ಅನುಮಾನ. ಅವೆರಡನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟನ್ನು ಮೆಕ್ಯಾನಿಕ್ಕಿಗೆ ತೋರಿಸಲೇಬೇಕು. ಕೂಲೆಂಟ್ ಕೆಂಗಂದು ನೀರಿನ ಹಾಗಿದ್ದರೆ ಬರೀ ಬಾವಿ ನೀರು ಹಾಕಿ ಓಡಿಸಿದ್ದಾರೆ. ಎಸಿ ಹಾಕಿ, ಮುಂದಿನ ಜಾಲರಿಯೊಳಗಿನ ಕಂಡೆನ್ಸರ್ ಮೇಲೆ ಟಾರ್ಚ್ ಬಿಡಿ. ಉಪ್ಪಿನ ಗಾಳಿಗೆ ಅದರ ತೆಳು ರೆಕ್ಕೆಗಳು ಪುಡಿಯಾಗಿ ಉದುರುತ್ತವೆ.

ಘಟ್ಟದ ಮೇಲಿನ ಕಾರಿನ ಕಾಯಿಲೆ ಕ್ಲಚ್ಚು. ದೇವಿಮನೆ, ಅರಬೈಲು ಘಟ್ಟ ಹತ್ತಿ ಇಳಿದು ಸವೆದಿರುತ್ತೆ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ 40ರ ವೇಗದಲ್ಲಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಅಡಿಕೆ ಚೀಲ ಹೊತ್ತ ಕಾರಿನ ಹಿಂಭಾಗ ಖಾಲಿ ಇದ್ದಾಗಲೂ ತಗ್ಗಿರುತ್ತೆ. ತೋಟದ ಮನೆಯ ಕಾರಾದರೆ ಇಲಿ ಕಡಿದ ವೈರಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದಾರಾ ನೋಡಿ.

ಕಾರವಾರದಲ್ಲಿ ಟೆಸ್ಟ್ ಡ್ರೈವ್ ಆದರೆ ಬಿಣಗಾ ಕಡೆಯ ಸುರಂಗದೊಳಗೆ ಕಿಟಕಿ ಇಳಿಸಿ, ರೇಡಿಯೋ ಆರಿಸಿ ಹೋಗಿ. ಚಕ್ರದ ಬೇರಿಂಗಿನ ಗುಂಯ್ ಅನ್ನುವ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಕೇಳುತ್ತೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು. ಟೈರಿನ ಹೂವು, ಅಂದರೆ ಮೇಲಿನ ಗೆರೆಗಳು, ಎಷ್ಟೇ ಉಳಿದಿದ್ದರೂ ಅಷ್ಟು ಹಳೆ ರಬ್ಬರ್ ಮಳೆಯಲ್ಲಿ ಹಿಡಿತ ಕೊಡೋದಿಲ್ಲ.

[ದೃಶ್ಯ: ಮೊಬೈಲಿನಲ್ಲಿ ಪರಿವಾಹನ್ ಪುಟ.]

ನಿರೂಪಣೆ:
ಇನ್ನು ಕಾಗದಪತ್ರ. ಸರ್ಕಾರದ ವಾಹನ ಜಾಲತಾಣ ಪರಿವಾಹನ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಸಾಲ ಇದೆಯಾ, ವಿಮೆ ಇದೆಯಾ ನೋಡಿ. ಇ-ಚಲನ್ ಬಾಕಿಯನ್ನು ಬೇರೆಯಾಗಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸುವ ಕೆಲಸ ಮಾರುವವರದ್ದು, ಪೂರ್ತಿ ಹಣ ಕೊಡುವ ಮೊದಲು ಆಗಬೇಕು. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ನಿಮ್ಮ ಎದುರೇ ಸಹಿ ಹಾಕಿಸಿ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಿನಲ್ಲಿ ತಗೊಳ್ಳೋಕೆ ಆದಾಯ ತೆರಿಗೆ ಕಾನೂನು ಬಿಡೋದಿಲ್ಲ, ಬ್ಯಾಂಕ್ ಮೂಲಕವೇ ಕೊಡಿ.

ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಅದೇ ಕಾರು ಕಡಿಮೆಗೆ ಸಿಗುತ್ತೆ ಅಂತ ಕಾರವಾರದ ಅನೇಕರು ಹೋಗ್ತಾರೆ. ಅದಕ್ಕೆ ಗೋವಾದಿಂದ ಅಭ್ಯಂತರವಿಲ್ಲ ಅನ್ನುವ ಪತ್ರ, ಅಂದರೆ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ ಕೆಎ-30 ನಂಬರ್ ತಗೋಬೇಕು. ಹೊಸ ಕಾರಿಗಾದರೆ ಆ ತೆರಿಗೆ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, ಆ ತೆರಿಗೆಯ ಮೇಲೆ ಸೆಸ್ ಬೇರೆ. ಹಳೆ ಕಾರಿಗೆ ವಯಸ್ಸು ನೋಡಿ ಕಡಿಮೆ ಆಗುತ್ತೆ. ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿದ ಮೇಲೆ ಬೆಲೆ ಮಾತಾಡಿ. ಕಪ್ಪು ನಂಬರ್ ಪ್ಲೇಟಿನಲ್ಲಿ ಹಳದಿ ಅಕ್ಷರ ಹೊತ್ತು ಪ್ರವಾಸಿಗರಿಗೆ ಬಾಡಿಗೆಗೆ ಓಡಿ, ಆಮೇಲೆ ಖಾಸಗಿಗೆ ಬದಲಾದ ಕಾರುಗಳೂ ಗೋವಾದಲ್ಲಿ ಮಾರಾಟಕ್ಕೆ ಬರುತ್ತವೆ. ಹತ್ತಾರು ಕೈ ಓಡಿಸಿದ ಗೇರ್‌ಬಾಕ್ಸ್ ಅದು, ಮೊದಲ ಕಾರಾಗಿ ಬೇಡ.

ಆರ್‌ಸಿ ಯಾರ ಹೆಸರಿಗೆ? ದಿನಾ ಓಡಿಸುವವರ ಹೆಸರಿಗೆ ಇರೋದೇ ಒಳ್ಳೇದು. ವಿಮೆಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಲೈಸನ್ಸ್ ಇರುವ ಮಾಲೀಕರಿಗೆ ಮಾತ್ರ. ಕಾರು ಅಪ್ಪನ ಹೆಸರಲ್ಲಿದ್ದರೆ, ಓಡಿಸುವ ನಿಮಗೆ ಅದು ಸಿಗೋದಿಲ್ಲ; ಅಪ್ಪನಿಗೆ ಲೈಸನ್ಸ್ ಇಲ್ಲದಿದ್ದರೆ ಅವರಿಗೂ ಇಲ್ಲ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರೋದಿಲ್ಲ, ಆ ವ್ಯತ್ಯಾಸದ ಹಣ ನೀವೇ ಕಟ್ಟಬೇಕು. ಕಾರು ಕೈಗೆ ಬಂದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸೋಕೆ ವಿಮಾ ಕಂಪನಿಗೆ ಅರ್ಜಿ ಕೊಡಿ. ತಡವಾಗಿ, ಅಷ್ಟರಲ್ಲಿ ಕಾರು ಗುದ್ದಿದರೆ ನಿಮ್ಮ ಕಾರಿನ ರಿಪೇರಿ ಹಣಕ್ಕೆ ಕಂಪನಿ ತಕರಾರು ತೆಗೆಯುತ್ತೆ.