ಬ್ಯಾಥರ್ಸ್ಟ್ ಬೆಟ್ಟ ಹತ್ತಿದ ಮಾಮೂಲಿ ಕಾರುಗಳು

ಕೇಳುಗರಿಗೆಲ್ಲ ನಮಸ್ಕಾರ.

1960ರ ನವೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ 500 ಮೈಲಿಯ ಒಂದು ಓಟ ನಡೆಯಿತು. ಷಾಕ್ ಅಬ್ಸಾರ್ಬರ್ ತಯಾರಿಸುವ ಆರ್ಮ್‌ಸ್ಟ್ರಾಂಗ್ ಕಂಪನಿಯ ಪ್ರಾಯೋಜಕತ್ವದ ಈ ಓಟಕ್ಕೆ ಇಳಿದದ್ದು ಷೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಕಾರುಗಳೇ. ಅಲ್ಲಿನ ರಸ್ತೆ ಆ ಹೊಡೆತ ತಾಳದೆ ಕಿತ್ತುಬಂದಾಗ, 1963ರಲ್ಲಿ ಓಟವು ನ್ಯೂ ಸೌತ್ ವೇಲ್ಸ್‌ನ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಬೆಟ್ಟಕ್ಕೆ ಬಂದು ಅಲ್ಲೇ ನೆಲೆಯೂರಿತು.

ಈ ಬೆಟ್ಟದ ಹಾದಿ ಇಂದಿಗೂ ಸಾರ್ವಜನಿಕ ರಸ್ತೆ. ಅದರ ಪಕ್ಕದಲ್ಲಿ ಜನರ ಮನೆಗಳಿವೆ, ಉಳಿದ ದಿನಗಳಲ್ಲಿ ಗಂಟೆಗೆ 60 ಕಿಲೋಮೀಟರಿನ ಮಿತಿಯಿದೆ. ಆರು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ ಒಂದು ಸುತ್ತಿನಲ್ಲಿ 174 ಮೀಟರ್ ಏರಿ, ಮತ್ತೆ ಅಷ್ಟನ್ನೂ ಇಳಿಯಬೇಕು. ಸ್ಕೈಲೈನ್ ಎಂಬ ನೆತ್ತಿಯಿಂದ ಫಾರೆಸ್ಟ್ಸ್ ಎಲ್ಬೋ ತಿರುವಿನವರೆಗೆ ರಸ್ತೆ ಹಾವಿನಂತೆ ಹೊರಳುತ್ತ ಧುಮುಕುತ್ತದೆ. ಅಲ್ಲಿ ಸುತ್ತುಸುತ್ತಿಗೂ ಬ್ರೇಕ್ ತುಳಿಯುತ್ತ ಹೋದರೆ ಪ್ಯಾಡುಗಳು ಕಾದು, ಹಿಡಿತ ಸಡಿಲವಾಗಿ, ಪೆಡಲು ಪಾದದಡಿ ಆಳಕ್ಕಿಳಿಯತೊಡಗುತ್ತದೆ. ಹಾಗಾಗಿ ಗೆಲ್ಲಬೇಕೆನ್ನುವವನು ವೇಗದ ಜೊತೆಗೆ ಬ್ರೇಕು, ಟೈರುಗಳನ್ನು ಕೊನೆಯವರೆಗೆ ಉಳಿಸಿಕೊಳ್ಳುವ ಲೆಕ್ಕವನ್ನೂ ಹಾಕಬೇಕಾಗಿತ್ತು. 1966ರಲ್ಲಿ ಪುಟ್ಟ ಮಿನಿ ಕೂಪರ್ ಎಸ್ ಕಾರುಗಳು ಮೊದಲ ಒಂಬತ್ತು ಸ್ಥಾನಗಳನ್ನೂ ಬಾಚಿಕೊಂಡದ್ದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಮರುವರ್ಷ ಗೆದ್ದದ್ದು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ನಿದ್ದ ಫೋರ್ಡ್ ಫಾಲ್ಕನ್ ಜಿಟಿ. ಅಲ್ಲಿಂದ ಆಟದ ಸ್ವರೂಪವೇ ಬದಲಾಯಿತು. ಮಾರಾಟದ ಕಾರನ್ನೇ ಓಡಿಸಬೇಕೆಂಬ ನಿಯಮವಿದ್ದುದರಿಂದ, ತಯಾರಕರು ಓಟಕ್ಕೆ ಬೇಕಾದ ಕಾರನ್ನೇ ತಯಾರಿಸಿ ಮಾರತೊಡಗಿದರು. ಅಂಥದ್ದೊಂದು ಮಾದರಿಯಾದ ಫಾಲ್ಕನ್ ಜಿಟಿಎಚ್ಒ ನಾಲ್ಕು ಬಾಗಿಲಿನ ಸಂಸಾರದ ಕಾರು. ಆದರೂ ಇಂಧನಕ್ಕಾಗಿ ಓಟದ ಹಾದಿಯ ಪಕ್ಕದ ಪಿಟ್ ಎಂಬ ತಂಗುತಾಣದಲ್ಲಿ ನಿಲ್ಲುವುದು ಕಡಿಮೆಯಾಗಲೆಂದು ಅದಕ್ಕೆ 36 ಗ್ಯಾಲನ್ ಹಿಡಿಯುವ ಟ್ಯಾಂಕು ಬಂತು. ಇಂಥ ಕಾರುಗಳು ಬೀದಿಗಿಳಿದರೆ ಗತಿಯೇನು ಎಂದು 1972ರಲ್ಲಿ ಪತ್ರಿಕೆಗಳು ಗುಲ್ಲೆಬ್ಬಿಸಿದವು, ರಾಜ್ಯದ ಸಾರಿಗೆ ಸಚಿವರು ದನಿಗೂಡಿಸಿದರು, ತಯಾರಕರು ಮುಂದಿನ ಮಾದರಿಗಳನ್ನು ಕೈಬಿಟ್ಟರು. ಆ ಭಯ ಅಸಹಜವೇನೂ ಅಲ್ಲವೆಂದೇ ನನ್ನ ಎಣಿಕೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಮಳೆ ಸುರಿಯಿತು. ಒದ್ದೆ ರಸ್ತೆಯಲ್ಲಿ ವಿ8 ಫಾಲ್ಕನ್‌ಗಳ ಎದುರು ಪೀಟರ್ ಬ್ರಾಕ್ ಎಂಬ ಯುವಕ, ಆರು ಸಿಲಿಂಡರಿನ ಹಗುರವಾದ ಹೋಲ್ಡನ್ ಟೊರಾನಾ ಕಾರಿನಲ್ಲಿ, ಸರದಿಗೆ ಇನ್ನೊಬ್ಬ ಚಾಲಕನಿಲ್ಲದೆ 130 ಸುತ್ತುಗಳನ್ನೂ ತಾನೊಬ್ಬನೇ ಓಡಿಸಿ ಗೆದ್ದನು. ಮುಂದೆ ಅವನು ಆ ಬೆಟ್ಟದ ಮೇಲೆ ಇನ್ನೂ ಎಂಟು ಬಾರಿ ಗೆಲ್ಲಲಿದ್ದನು. ಆದರೆ ಮರುವರ್ಷವೇ ಓಟ 1000 ಕಿಲೋಮೀಟರಿಗೆ ಬೆಳೆದು, ಮಾರ್ಪಡಿಸಿದ ಕಾರುಗಳಿಗೆ ಅವಕಾಶವಾಯಿತು. ಷೋರೂಮಿನಿಂದ ಬಂದ ಹಾಗೆಯೇ ಓಡುವ ಕಾರುಗಳ ಪಂದ್ಯ ಆ ಮಳೆಯ ದಿನಕ್ಕೆ ಮುಗಿದಿತ್ತು.

ನಮಸ್ಕಾರ.